ಹತ್ತು ಜನರ ನಾಲಗೆ

ಕಳೆದ ತಿಂಗಳು ನಮ್ಮ ಅಣ್ಣನ ಮಗ ಧಾರವಾಡದಿಂದ ಬೆಂಗಳೂರಿಗೆ ಬಂದಿದ್ದ. ಭಾನುವಾರ ಬೆಳಿಗ್ಗೆ ಮನೆಯ ಒಲೆಗೆ ರಜೆ ಕೊಟ್ಟು ಹೊರಗೆ ತಿಂಡಿ ತಿನ್ನುವುದೆಂದು ಗೊತ್ತಾಯಿತು. ಮೂಲೆಯ ಹೋಟೆಲಿಗೆ ಹೋಗೋಣವೆಂದು ನಾನು ಚಪ್ಪಲಿ ಮೆಟ್ಟಿಕೊಂಡೆ. ಇಪ್ಪತ್ತು ವರ್ಷಗಳಿಂದ ಅಲ್ಲಿ ಇಡ್ಲಿ ತಿಂದವನು ನಾನು. ಹುಡುಗ ಮಾತ್ರ ಕೈಯಲ್ಲಿದ್ದ ಫೋನನ್ನು ಎರಡು ಸಲ ಸವರಿ, "ಕಾಕಾ, ಅದಕ್ಕ ಬರೇ ಮೂರು ಪಾಯಿಂಟ್ ಏಳು ಅದ. ಇಲ್ಲೇ ಮುಂದ ಇನ್ನೊಂದಕ್ಕ ನಾಲ್ಕು ಪಾಯಿಂಟ್ ಆರು ಅದ, ನೋಡ್ರಿ" ಎಂದ. ಇಪ್ಪತ್ತು ವರ್ಷದ ನನ್ನ ಅನುಭವ ಒಂದು ದಶಾಂಶದ ಮುಂದೆ ಸೋತಿತು. ನಾಲ್ಕು ಪಾಯಿಂಟ್ ಆರಕ್ಕೇ ಹೋದೆವು.

ಬಾಗಿಲಲ್ಲಿ ಮುಕ್ಕಾಲು ಗಂಟೆ ನಿಂತ ಮೇಲೆ ಮೇಜು ಸಿಕ್ಕಿತು. ಇಡ್ಲಿ ಬರುವುದಕ್ಕೆ ಮೊದಲೇ ಮಾಣಿ ಒಂದು ಕಾರ್ಡನ್ನು ತಂದಿಟ್ಟು, ಅದರ ಮೇಲಿನ ಚೌಕುಳಿ ಗುರುತಿಗೆ ಫೋನು ಹಿಡಿದು ಐದು ನಕ್ಷತ್ರ ಒತ್ತಿದರೆ ಒಂದು ಜಾಮೂನು ಪುಕ್ಕಟೆ ಎಂದು ತಿಳಿಸಿದ. ಹುಡುಗ ಒತ್ತಿದ; ಜಾಮೂನು ಬಂತು. ಹಿಂದಿರುಗುವಾಗ "ಇಡ್ಲಿ ಹೆಂಗಿತ್ತೋ?" ಎಂದು ಕೇಳಿದೆ. "ಅಷ್ಟಕ್ಕಷ್ಟ ಕಾಕಾ. ಆದ್ರ ಜಾಮೂನು ಛಲೋ ಇತ್ತು" ಎಂದ. ಅವನ ಐದು ನಕ್ಷತ್ರ ಮಾತ್ರ ಅಲ್ಲಿಯೇ ಉಳಿಯಿತು. ನಾಳೆ ಬೆಳಿಗ್ಗೆ ಇಡ್ಲಿಯನ್ನು ಹುಡುಕಿಕೊಂಡು ಹೊರಡುವ ಇನ್ನೊಬ್ಬರಿಗೆ ಅದು ದಾರಿ ತೋರಿಸುತ್ತದೆ.

ಆ ಹೋಟೆಲಿನ ಮೇಲೆ ದೂರು ಹೇಳುವುದು ನನ್ನ ಉದ್ದೇಶವಲ್ಲ. ನೂರಾರು, ಸಾವಿರಾರು ಜನ ಸೇರಿ ಕೊಟ್ಟ ಅಂಕವನ್ನು ನಂಬಬಹುದೇ ಎಂಬ ಪ್ರಶ್ನೆ ಅಂದಿನಿಂದ ನನ್ನ ತಲೆಯಲ್ಲಿ ಕುಳಿತಿದೆ. ಇದು ಹೊಟ್ಟೆಯ ಪ್ರಶ್ನೆಯೆಂದು ಸಾಹಿತ್ಯದ ಪುಟದಲ್ಲಿ ಯಾರೂ ಮೂಗು ಮುರಿಯಬೇಕಾಗಿಲ್ಲ. ರುಚಿಯನ್ನು ತೀರ್ಮಾನಿಸುವವರು ಯಾರು, ಅವರ ಮಾತಿಗೆ ಬೆಲೆ ಬರುವುದು ಎಲ್ಲಿಂದ ಎಂಬುದು ವಿಮರ್ಶೆಯ ಮೊದಲ ಪ್ರಶ್ನೆಯೇ ತಾನೆ?

ಎಲ್ಲಿ ಊಟ ಚೆನ್ನಾಗಿದೆ ಎಂದು ನಾಲ್ವರನ್ನು ಕೇಳುವುದು ಹೊಸ ಪದ್ಧತಿಯೇನಲ್ಲ. ಆದರೆ ಹಿಂದೆ ನಾವು ಕೇಳುತ್ತಿದ್ದುದು ಮುಖ ಪರಿಚಯವಿದ್ದವರನ್ನು. ನಮ್ಮ ಕಚೇರಿಯಲ್ಲಿ ಹಿರಿಯ ಗುಮಾಸ್ತರೊಬ್ಬರಿದ್ದರು. ಪಲ್ಯದ ಮೇಲೆ ಎಣ್ಣೆ ತೇಲಿದರೆ ಸಾಕು, ಅವರಿಗೆ ಅದೇ ಮೃಷ್ಟಾನ್ನ. ಅವರು ಹೊಗಳಿದ ಹೋಟೆಲಿನ ಕಡೆ ನಾವು ಯಾರೂ ತಲೆಯಿಡುತ್ತಿರಲಿಲ್ಲ. ಅವರು "ಸಪ್ಪೆ, ಏನೂ ಸಾಲದು" ಎಂದು ತೆಗಳಿದ ಕಡೆಗೆ ನಿಶ್ಚಿಂತೆಯಿಂದ ಹೋಗುತ್ತಿದ್ದೆವು. ಅವರ ತಪ್ಪು ಅಭಿಪ್ರಾಯವೂ ನಮಗೆ ಉಪಯೋಗಕ್ಕೆ ಬರುತ್ತಿತ್ತು, ಏಕೆಂದರೆ ಅವರ ನಾಲಗೆ ಎಂಥದೆಂದು ನಮಗೆ ಗೊತ್ತಿತ್ತು. ನಾಲ್ಕು ಪಾಯಿಂಟ್ ಆರು ಎಂಬ ಸಂಖ್ಯೆಗೆ ನಾಲಗೆಯೂ ಇಲ್ಲ, ಮುಖವೂ ಇಲ್ಲ. ಅದನ್ನು ನಂಬಬಹುದು ಅಥವಾ ಬಿಡಬಹುದು. ಅರ್ಥ ಮಾಡಿಕೊಳ್ಳುವುದು ಸಾಧ್ಯವಿಲ್ಲ.

ಹೀಗೆ ಬಹುಜನರ ಅಭಿಪ್ರಾಯವನ್ನು ಒಟ್ಟುಮಾಡಿ ಪುಸ್ತಕ ಮಾಡಿದವರಲ್ಲಿ ಹೆಸರಾದವರು ನ್ಯೂಯಾರ್ಕಿನ ಟಿಮ್ ಮತ್ತು ನೀನಾ ಝಗ್ಯಾಟ್ ಎಂಬ ವಕೀಲ ದಂಪತಿಗಳು. ಪತ್ರಿಕೆಗಳ ಹೋಟೆಲು ವಿಮರ್ಶಕರ ಮಾತು ತಮ್ಮ ಅನುಭವಕ್ಕೆ ಹೊಂದುವುದಿಲ್ಲವೆಂದು ಅವರಿಗೂ ಅವರ ಸ್ನೇಹಿತರಿಗೂ ಬೇಸರವಿತ್ತು. ಒಬ್ಬ ವಿಮರ್ಶಕನ ನಾಲಗೆ ಒಂದು ಊರಿಗೆಲ್ಲ ಏಕೆ ತೀರ್ಪು ಕೊಡಬೇಕು? 1979ರಲ್ಲಿ ಸ್ನೇಹಿತರಿಂದಲೇ ಅಂಕಗಳನ್ನು ತರಿಸಿ ಒಂದು ಪಟ್ಟಿ ಮಾಡಿದರು. ಅದು ಕೈಯಿಂದ ಕೈಗೆ ಹೋಗಿ, ಬೇಡಿಕೆ ಹೆಚ್ಚಿ, ಕೆಲವೇ ವರ್ಷಗಳಲ್ಲಿ ಕೋಟಿನ ಜೇಬಿನಲ್ಲಿ ಹಿಡಿಯುವ, ಕೆಂಗಂದು ರಟ್ಟಿನ, ಅಗಲ ಕಡಮೆಯ ಪುಸ್ತಕವಾಯಿತು.

ಈ ಪುಸ್ತಕವನ್ನು ಪುಸ್ತಕವೆಂದೇ ನೋಡುವುದಾದರೆ ಅದರ ರಚನೆ ಬಲು ವಿಚಿತ್ರ. ಒಂದೊಂದು ಹೋಟೆಲಿಗೂ ನಾಲ್ಕು ಅಂಕಣಗಳು: ತಿನಿಸು, ಅಲಂಕಾರ, ಉಪಚಾರ, ತಗಲುವ ಖರ್ಚು. ಅವುಗಳ ಜೊತೆಗೆ ನಾಲ್ಕೈದು ಸಾಲಿನ ಬರಹ. ಅದರಲ್ಲಿ ಅರ್ಧದಷ್ಟು ಉದ್ಧರಣ ಚಿಹ್ನೆಯೊಳಗಿನ ತುಣುಕುಗಳು. ಯಾರೋ ಬರೆದ ಎರಡು ಪದ, ಇನ್ನಾರೋ ಬರೆದ ಮೂರು ಪದ. ಸಂಪಾದಕರು ಇವನ್ನೆಲ್ಲ ದಾರದಲ್ಲಿ ಪೋಣಿಸಿ ಒಂದು ವಾಕ್ಯ ಮಾಡುತ್ತಾರೆ. ಓದುವುದಕ್ಕೆ ಚುರುಕಾಗಿದೆ, ಕೆಲವೆಡೆ ನಗೆಯೂ ಬರುತ್ತದೆ. ಆದರೆ ಹೊಗಳಿದವನೇ ತೆಗಳಿದನೋ, ತೆಗಳಿದವನು ಏನು ತಿಂದು ತೆಗಳಿದನೋ ತಿಳಿಯುವುದಿಲ್ಲ. ನೂರು ಜನ ಮಾತಾಡಿದ್ದಾರೆ. ಆಡಿದ ಮಾತಿಗೆ ಹೊಣೆಯಾಗುವವರು ಒಬ್ಬರೂ ಇಲ್ಲ.

ಅಂಕದ ಲೆಕ್ಕವನ್ನೂ ಗಮನಿಸಬೇಕು. ಅಭಿಪ್ರಾಯ ಕಳುಹಿಸುವವರು ಸೊನ್ನೆ, ಒಂದು, ಎರಡು, ಮೂರು, ಇಷ್ಟರಲ್ಲಿ ಒಂದನ್ನು ಆರಿಸಬೇಕಾಗಿತ್ತು. ಇವುಗಳ ಸರಾಸರಿಯನ್ನು ಹತ್ತರಿಂದ ಗುಣಿಸಿ, ಮೂವತ್ತಕ್ಕೆ ಇಪ್ಪತ್ತಾರು, ಮೂವತ್ತಕ್ಕೆ ಇಪ್ಪತ್ನಾಲ್ಕು ಎಂದು ಅಚ್ಚು ಹಾಕುತ್ತಿದ್ದರು. ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿದಂತೆ ಕಾಣುವ ಈ ಎರಡಂಕದ ವ್ಯತ್ಯಾಸದ ಹಿಂದೆ ಇದ್ದದ್ದು "ಪರವಾಗಿಲ್ಲ", "ಚೆನ್ನಾಗಿದೆ", "ಬಹಳ ಚೆನ್ನಾಗಿದೆ" ಎಂಬಷ್ಟು ದಪ್ಪನೆಯ ಅಳತೆ. ಅಭಿಪ್ರಾಯ ಕಳುಹಿಸಿದವರಿಗೆ ಪುಸ್ತಕದ ಒಂದು ಪ್ರತಿ ಪುಕ್ಕಟೆ ಸಿಗುತ್ತಿತ್ತು. ನಮ್ಮ ಹುಡುಗನ ಜಾಮೂನಿಗೆ ಅದನ್ನು ಹೋಲಿಸಿದರೆ ಅನ್ಯಾಯವಾದೀತು. ಪುಸ್ತಕವು ಹೊಗಳಿದವರಿಗೂ ತೆಗಳಿದವರಿಗೂ ಒಂದೇ ಆಗಿತ್ತು.

ಇಷ್ಟು ದೋಷ ಎಣಿಸಿದ ಮೇಲೆ ಅದರ ಒಂದು ದೊಡ್ಡ ಗುಣವನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅಡುಗೆ ಬೇರೆ, ಜಾಗದ ಅಂದ ಬೇರೆ, ಬಡಿಸುವವರ ನಡತೆ ಬೇರೆ ಎಂದು ಅದು ವಿಂಗಡಿಸಿತ್ತು. ಜನಕ್ಕೆ ಅತ್ಯಂತ ಪ್ರಿಯವಾದ ಹೋಟೆಲುಗಳ ಪಟ್ಟಿಯನ್ನೂ ತಿನಿಸಿಗೆ ಅತಿ ಹೆಚ್ಚು ಅಂಕ ಬಂದ ಹೋಟೆಲುಗಳ ಪಟ್ಟಿಯನ್ನೂ ಬೇರೆ ಬೇರೆಯಾಗಿ ಕೊಡುತ್ತಿತ್ತು. ನ್ಯೂಯಾರ್ಕಿನ ಯೂನಿಯನ್ ಸ್ಕ್ವೇರ್ ಕೆಫೆ ಹಲವು ವರ್ಷ ಜನಪ್ರಿಯತೆಯಲ್ಲಿ ಮೊದಲನೆಯದಾಗಿತ್ತು. ತಿನಿಸಿನ ಪಟ್ಟಿಯ ತುದಿಯಲ್ಲಿದ್ದದ್ದು ಬೇರೆ ಹೆಸರುಗಳು. ಪ್ರಿಯವಾದದ್ದು ಬೇರೆ, ಶ್ರೇಷ್ಠವಾದದ್ದು ಬೇರೆ ಎಂಬ ವಿವೇಕ ಆ ಜೇಬು ಪುಸ್ತಕದಲ್ಲಿತ್ತು. 2011ರಲ್ಲಿ ಗೂಗಲ್ ಕಂಪನಿ ಅದನ್ನು ಕೊಂಡಿತು. 2016ರಲ್ಲಿ ಮೂವತ್ತರ ಅಂಕ ಹೋಗಿ ಐದು ನಕ್ಷತ್ರಗಳು ಬಂದವು. 2018ರಲ್ಲಿ ಅದು ಇನ್ನೊಬ್ಬರಿಗೆ ಮಾರಾಟವಾಯಿತು. ಪುಸ್ತಕದ ಕಾಲ ಕಳೆಯಿತು. ನಕ್ಷತ್ರದ ಕಾಲ ಬಂತು. ಈಗ ಇಡ್ಲಿಯ ಮೃದುತ್ವ, ಮಾಣಿಯ ಮುಖ, ಕಾರು ನಿಲ್ಲಿಸಲು ಜಾಗ, ಮಳೆಯಲ್ಲಿ ತಡವಾಗಿ ಬಂದ ಪಾರ್ಸೆಲ್ಲು ಎಲ್ಲವೂ ಒಂದೇ ಸಂಖ್ಯೆಯೊಳಗೆ ಬೆಂದು ಕೂಟಾಗಿರುತ್ತದೆ.

ಹಾಗಾದರೆ ಬಹುಜನರ ತೀರ್ಪು ಎಂದೂ ಸರಿಯಾಗಲಾರದೆ? ಆಗಬಲ್ಲದು. ಇದಕ್ಕೊಂದು ಹೆಸರಾದ ನಿದರ್ಶನವಿದೆ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ನಡೆದ ದನಗಳ ಪ್ರದರ್ಶನದಲ್ಲಿ ಒಂದು ಕೊಬ್ಬಿದ ಎತ್ತನ್ನು ನಿಲ್ಲಿಸಿ, ಕಡಿದು ಹಸನು ಮಾಡಿದ ಮೇಲೆ ಅದರ ಮಾಂಸ ಎಷ್ಟು ತೂಗೀತು ಎಂದು ಊಹಿಸುವ ಪಂದ್ಯ ಇಟ್ಟಿದ್ದರು. ಚೀಟಿಯೊಂದಕ್ಕೆ ಆರು ಪೆನ್ನಿ. ಆ ಚೀಟಿಗಳನ್ನು ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸರು ಆಮೇಲೆ ತರಿಸಿಕೊಂಡು ಲೆಕ್ಕ ಹಾಕಿದರು. ಓದುವಂತಿದ್ದ 787 ಚೀಟಿಗಳನ್ನು ತೂಕದ ಕ್ರಮದಲ್ಲಿ ಜೋಡಿಸಿದರೆ ನಟ್ಟನಡುವೆ ಬಂದದ್ದು 1207 ಪೌಂಡು. ನಿಜವಾದ ತೂಕ 1198 ಪೌಂಡು. ಕಟುಕರೂ ರೈತರೂ ಏನೂ ಅರಿಯದವರೂ ಸೇರಿದ ಜನಜಂಗುಳಿ ನೂರಕ್ಕೆ ಒಂದರಷ್ಟೂ ತಪ್ಪಿರಲಿಲ್ಲ. 1907ರಲ್ಲಿ ಗಾಲ್ಟನ್ನರು ಇದನ್ನು ಪ್ರಕಟಿಸಿದರು.

ಜನವಾಣಿಯನ್ನು ಎತ್ತಿಹಿಡಿಯುವವರು ಈ ಎತ್ತನ್ನು ಇಂದಿಗೂ ಮುಂದೆ ಬಿಡುತ್ತಾರೆ. ಆದರೆ ಆ ಪಂದ್ಯದ ಕಟ್ಟಳೆಗಳನ್ನು ನೋಡಿ. ಪ್ರತಿಯೊಬ್ಬನೂ ತನ್ನ ಊಹೆಯನ್ನು ತಾನೇ ಚೀಟಿಯಲ್ಲಿ ಬರೆದ; ಪಕ್ಕದವನು ಬರೆದದ್ದನ್ನು ನೋಡಿ ಬರೆಯಲಿಲ್ಲ. ಊಹಿಸುವುದಕ್ಕೆ ಕೈಯಿಂದ ಆರು ಪೆನ್ನಿ ತೆರಬೇಕಾಗಿದ್ದರಿಂದ ತಮಾಷೆಗೆಂದು ಬರೆಯುವವರು ಕಡಮೆ. ಎತ್ತಿನ ಮಾಲೀಕನಿಗೆ ಚೀಟಿ ತುಂಬಿಸುವುದರಿಂದ ಯಾವ ಲಾಭವೂ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಎತ್ತಿಗೆ ಒಂದು ನಿಜವಾದ ತೂಕವಿತ್ತು. ಸಾರಿನ ರುಚಿಗೆ ಅಂಥ ತೂಕವುಂಟೆ?

ಹೋಟೆಲಿನ ನಕ್ಷತ್ರಗಳ ವಿಷಯದಲ್ಲಿ ಈ ನಾಲ್ಕು ಕಟ್ಟಳೆಗಳೂ ಮುರಿದುಬಿದ್ದಿವೆ. ಮೊದಲನೆಯದಾಗಿ, ನಾವು ತಿನ್ನುವುದಕ್ಕೆ ಮೊದಲೇ ಹಿಂದಿನವರು ಕೊಟ್ಟ ಅಂಕವನ್ನು ನೋಡಿರುತ್ತೇವೆ. ಹಿಂದಿನವರ ಮತ ಮುಂದಿನವರ ಮನಸ್ಸನ್ನು ಎಷ್ಟು ಬಾಗಿಸುತ್ತದೆ ಎಂಬುದನ್ನು 2013ರಲ್ಲಿ ಲೆವ್ ಮುಚ್ನಿಕ್, ಸಿನಾನ್ ಅರಲ್, ಶಾನ್ ಟೇಲರ್ ಎಂಬ ಮೂವರು ಪರೀಕ್ಷಿಸಿ ಪ್ರಕಟಿಸಿದರು. ಓದುಗರು ಸುದ್ದಿಗಳ ಮೇಲೆ ಬರೆದ ಟೀಕೆಗಳಲ್ಲಿ ಕೆಲವಕ್ಕೆ, ಗುಣ ನೋಡದೆ, ಕಣ್ಣುಮುಚ್ಚಿ ಆರಿಸಿ, ಒಂದೇ ಒಂದು ಮೆಚ್ಚುಗೆಯ ಮತವನ್ನು ಮೊದಲಿಗೆ ಹಾಕಿದರು. ಕೊನೆಗೆ ನೋಡಿದರೆ ಅವುಗಳ ಅಂಕ ಸರಾಸರಿ ನೂರಕ್ಕೆ 25ರಷ್ಟು ಹೆಚ್ಚಾಗಿತ್ತು. ಸಭೆಯಲ್ಲಿ ಮೊದಲು ಚಪ್ಪಾಳೆ ತಟ್ಟುವವನೊಬ್ಬನನ್ನು ಕೂರಿಸಿದರೆ ಉಳಿದವರ ಕೈ ತಾನಾಗಿಯೇ ಏಳುತ್ತದೆ ಎಂಬುದು ನಾಟಕದ ಕಂಪನಿಗಳವರಿಗೆ ತಿಳಿಯದ ಸಂಗತಿಯೇನಲ್ಲ.

ತಿನ್ನದೆಯೇ ಅಂಕ ಕೊಡುವುದಂತೂ ಇನ್ನೂ ಸುಲಭ. ಲಂಡನ್ನಿನ ಊಬಾ ಬಟ್ಲರ್ ಎಂಬ ಯುವ ಪತ್ರಕರ್ತ ಹಿಂದೊಮ್ಮೆ ಹತ್ತು ಪೌಂಡಿಗೊಂದರಂತೆ ಸುಳ್ಳು ಅಭಿಪ್ರಾಯ ಬರೆದುಕೊಟ್ಟವನು. 2017ರಲ್ಲಿ ಅವನು ಡಲ್ವಿಚ್‌ನಲ್ಲಿ ತಾನು ವಾಸವಾಗಿದ್ದ ಹಿತ್ತಲ ಗುಡಿಸಲನ್ನೇ ಹೋಟೆಲೆಂದು ಟ್ರಿಪ್‌ಅಡ್ವೈಸರ್‌ನಲ್ಲಿ ನಮೂದಿಸಿದ. ತಿನಿಸುಗಳೆಂದು ಹಾಕಿದ ಚಿತ್ರಗಳಲ್ಲಿ ಕ್ಷೌರದ ನೊರೆಯೂ ಇತ್ತು, ಅವನ ಹಿಮ್ಮಡಿಯೂ ಇತ್ತು. ಸ್ನೇಹಿತರಿಂದ ಹೊಗಳಿಕೆ ಬರೆಸಿದ. ಊಟಕ್ಕೆ ಜಾಗ ಕೇಳಿದವರಿಗೆಲ್ಲ "ಖಾಲಿಯಿಲ್ಲ" ಎಂದ. ಖಾಲಿಯಿಲ್ಲವೆಂದಷ್ಟೂ ಕೇಳುವವರು ಹೆಚ್ಚಿದರು. ಅದೇ ವರ್ಷದ ನವೆಂಬರ್ 1ರ ಹೊತ್ತಿಗೆ, 18,000ಕ್ಕೂ ಮೀರಿದ ಲಂಡನ್ನಿನ ಹೋಟೆಲುಗಳಲ್ಲಿ ಆ ಗುಡಿಸಲು ಮೊದಲನೆಯ ಸ್ಥಾನಕ್ಕೆ ಬಂತು. ಅಲ್ಲಿ ಅದುವರೆಗೆ ಒಂದು ತಟ್ಟೆ ಊಟವನ್ನೂ ಬಡಿಸಿರಲಿಲ್ಲ. ಕೊನೆಗೆ ಒಂದು ರಾತ್ರಿ ಬಾಗಿಲು ತೆರೆದು, ಅಂಗಡಿಯಿಂದ ತಂದ ಅಗ್ಗದ ಸಿದ್ಧ ತಿನಿಸನ್ನು ಬಿಸಿಮಾಡಿ ಬಡಿಸಿದಾಗಲೂ ಮತ್ತೆ ಬರುತ್ತೇವೆಂದವರು ಇದ್ದರಂತೆ.

ಕಥೆ ಕೇಳಿ ನಕ್ಕುಬಿಡಬಹುದು. ಆದರೆ ನಗಲಾರದವನು ಒಬ್ಬನಿದ್ದಾನೆ: ಬೆಳಗಿನ ನಾಲ್ಕಕ್ಕೆ ಎದ್ದು ಹಿಟ್ಟು ಹದನೋಡುವ ಸಣ್ಣ ಹೋಟೆಲಿನವನು. ಅಮೆರಿಕದ ಸಿಯಾಟಲ್ ನಗರದ ಲೆಕ್ಕಗಳನ್ನು ನೋಡಿ ಮೈಕೆಲ್ ಲೂಕಾ ಎಂಬ ಪ್ರಾಧ್ಯಾಪಕರು 2011ರಲ್ಲಿ ಒಂದು ಪ್ರಬಂಧ ಬರೆದರು. ಯೆಲ್ಪ್ ಎಂಬ ಪಟ್ಟಿಯಲ್ಲಿ ಒಂದು ನಕ್ಷತ್ರ ಹೆಚ್ಚಿದರೆ ಹೋಟೆಲಿನ ವರಮಾನ ನೂರಕ್ಕೆ 5ರಿಂದ 9ರಷ್ಟು ಏರುತ್ತದೆಂದು ಅವರಿಗೆ ಕಂಡಿತು. ಈ ಪರಿಣಾಮವೆಲ್ಲ ಸ್ವತಂತ್ರವಾದ ಹೋಟೆಲುಗಳ ಮೇಲೆ. ಊರೂರಿಗೆ ಶಾಖೆಗಳುಳ್ಳ ದೊಡ್ಡ ಕಂಪನಿಗಳಿಗೆ ಅದರ ಬಿಸಿ ತಟ್ಟಲಿಲ್ಲ. ಮೈಕೆಲ್ ಆಂಡರ್ಸನ್ ಮತ್ತು ಜೆರೆಮಿ ಮಗ್ರೂಡರ್ ಎಂಬ ಇಬ್ಬರು ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲುಗಳನ್ನು ನೋಡಿ 2012ರಲ್ಲಿ ಬರೆದದ್ದು ಇನ್ನೂ ಮಾರ್ಮಿಕವಾಗಿದೆ. ಅಲ್ಲಿ ಅಂಕವನ್ನು ಹತ್ತಿರದ ಅರ್ಧ ನಕ್ಷತ್ರಕ್ಕೆ ಸರಿಮಾಡಿ ತೋರಿಸುತ್ತಿದ್ದರು. 3.24 ಬಂದವನಿಗೆ ಮೂರು ನಕ್ಷತ್ರ, 3.26 ಬಂದವನಿಗೆ ಮೂರೂವರೆ. ಇಬ್ಬರ ಅಡುಗೆಯಲ್ಲಿ ಏನೂ ಅಂತರವಿಲ್ಲ. ಆದರೂ ಆ ಅರ್ಧ ನಕ್ಷತ್ರದಿಂದ, ಸಂಜೆಯ ಊಟದ ಹೊತ್ತಿಗೆ ಮೇಜುಗಳೆಲ್ಲ ಭರ್ತಿಯಾಗುವ ಸಂದರ್ಭಗಳು ಶೇಕಡಾ 19 ಅಂಶಗಳಷ್ಟು ಹೆಚ್ಚಾದವು. ಇಷ್ಟು ಸಣ್ಣ ಗೆರೆಯ ಮೇಲೆ ಬದುಕು ನಿಂತಿರುವಾಗ ಮನುಷ್ಯ ಜಾಮೂನು ಹಂಚದೆ ಏನು ಮಾಡಿಯಾನು?

ಕೆಲವರು ಜಾಮೂನಿಗೂ ಮುಂದೆ ಹೋಗುತ್ತಾರೆ. ಬಾಸ್ಟನ್ ನಗರದ ಹೋಟೆಲುಗಳ ಬಗ್ಗೆ ಬಂದ ಅಭಿಪ್ರಾಯಗಳಲ್ಲಿ ನೂರಕ್ಕೆ ಸುಮಾರು 16ನ್ನು ಯೆಲ್ಪ್ ಸಂಸ್ಥೆಯೇ ಸಂಶಯದಿಂದ ಬದಿಗಿಟ್ಟಿತ್ತೆಂದು ಲೂಕಾ ಮತ್ತು ಯೋರ್ಗೊಸ್ ಜೆರ್ವಾಸ್ ತೋರಿಸಿದ್ದಾರೆ. ಹೆಸರು ಇನ್ನೂ ಗಟ್ಟಿಯಾಗದ ಹೋಟೆಲಿನವರು ತಮ್ಮನ್ನು ತಾವೇ ಹೊಗಳಿಕೊಳ್ಳುವುದು ಹೆಚ್ಚು. ಪಕ್ಕದಲ್ಲೇ ಅದೇ ಬಗೆಯ ಊಟದ ಇನ್ನೊಂದು ಹೋಟೆಲು ಎದ್ದರೆ ಸುಳ್ಳು ತೆಗಳಿಕೆ ಹೆಚ್ಚು. 2018ರಲ್ಲಿ ಇಟಲಿಯ ಲೆಚ್ಚೆ ನಗರದ ನ್ಯಾಯಾಲಯ, ಹೀಗೆ ಹೊಗಳಿಕೆ ಬರೆದು ಮಾರುತ್ತಿದ್ದವನೊಬ್ಬನಿಗೆ ಒಂಬತ್ತು ತಿಂಗಳ ಸೆರೆವಾಸ ವಿಧಿಸಿತು. ನಮ್ಮಲ್ಲಿಯೂ 2022ರಲ್ಲಿ ಭಾರತೀಯ ಮಾನಕ ಬ್ಯೂರೋ ಇಂಥ ಅಭಿಪ್ರಾಯಗಳನ್ನು ಸಂಗ್ರಹಿಸಿ ಪ್ರಕಟಿಸುವ ಬಗ್ಗೆ ಒಂದು ಮಾನಕವನ್ನು ಹೊರಡಿಸಿತು. ಇವೆಲ್ಲ ಬೇಕಾದದ್ದೇ. ಸುಳ್ಳನ್ನು ಹಿಡಿಯುವುದಕ್ಕೆ ಕಾನೂನು ಸಾಕು. ಆದರೆ ಸುಳ್ಳೆಲ್ಲ ಹೋಗಿ ಪ್ರಾಮಾಣಿಕರ ಅಂಕಗಳಷ್ಟೇ ಉಳಿದರೂ, ಆ ಸಂಖ್ಯೆ ನಮಗೆ ಹೇಳುವುದೇನು ಎಂಬ ಪ್ರಶ್ನೆ ಹಾಗೆಯೇ ಇರುತ್ತದೆ.

ನನಗೆ ತೋರುವುದು ಇಷ್ಟು. ಎತ್ತಿನ ತೂಕದಂತೆ ಅಳತೆಗೆ ಸಿಗುವ ಸಂಗತಿಗಳಲ್ಲಿ ಬಹುಜನರ ಮಾತನ್ನು ನಂಬಬಹುದು. ಮೇಜು ಒರೆಸಿರಲಿಲ್ಲ, ಎಣ್ಣೆ ಕಮಟು ಹಿಡಿದಿತ್ತು, ಲೆಕ್ಕದಲ್ಲಿ ಹತ್ತು ರೂಪಾಯಿ ಹೆಚ್ಚು ಹಾಕಿದರು ಎಂದು ಬೇರೆ ಬೇರೆ ದಿನ ಬೇರೆ ಬೇರೆಯವರು ಬರೆದಿದ್ದರೆ ಅಲ್ಲಿಗೆ ಹೋಗದಿರುವುದೇ ಲೇಸು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ. ಆದರೆ ನಾಲ್ಕು ಪಾಯಿಂಟ್ ಎರಡಕ್ಕೂ ನಾಲ್ಕು ಪಾಯಿಂಟ್ ನಾಲ್ಕಕ್ಕೂ ನಡುವೆ ರುಚಿಯನ್ನು ಹುಡುಕುವುದು ಮರಳಿನಲ್ಲಿ ಎಣ್ಣೆ ಹಿಂಡಿದಂತೆ. ರುಚಿಯ ವಿಷಯದಲ್ಲಿ ಸಂಖ್ಯೆಯನ್ನು ಬಿಟ್ಟು ವಾಕ್ಯವನ್ನು ಓದಬೇಕು. "ಸೂಪರ್" ಎಂಬ ನೂರು ಉದ್ಗಾರಗಳಿಗಿಂತ, "ದೋಸೆಯ ಅಂಚು ಗರಿಯಾಗಿತ್ತು, ಪಲ್ಯಕ್ಕೆ ಉಪ್ಪು ಮುಂದಾಗಿತ್ತು" ಎಂದು ಬರೆದ ಒಬ್ಬ ಅಪರಿಚಿತ ಹೆಚ್ಚು ನಂಬಿಕೆಗೆ ಅರ್ಹ. ಅವನು ತಿಂದಿದ್ದಾನೆ, ಗಮನಿಸಿದ್ದಾನೆ. ಅವನ ನಾಲಗೆ ನಮ್ಮದರಂತಿಲ್ಲದಿದ್ದರೂ, ನಮ್ಮ ಗುಮಾಸ್ತರ ಮಾತಿನಂತೆ, ಅವನ ಮಾತನ್ನು ನಾವು ತಿರುವಿ ಹಾಕಿ ಉಪಯೋಗಿಸಿಕೊಳ್ಳಬಹುದು.

ರಸವೆಂದರೆ ಏನೆಂದು ವಿವರಿಸಬೇಕಾಗಿ ಬಂದಾಗ ಭರತಮುನಿ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ದೃಷ್ಟಾಂತವನ್ನು ತಂದದ್ದು ಅಡುಗೆಮನೆಯಿಂದ. ಬಗೆಬಗೆಯ ವ್ಯಂಜನಗಳಿಂದ ಸಂಸ್ಕಾರಗೊಂಡ ಅನ್ನವನ್ನು ಉಣ್ಣುವ ಸುಮನಸ್ಕರು ಹೇಗೆ ರಸವನ್ನು ಸವಿದು ಹರ್ಷ ಪಡುತ್ತಾರೋ ಹಾಗೆ ಪ್ರೇಕ್ಷಕರು ಭಾವಗಳನ್ನು ಸವಿಯುತ್ತಾರೆ ಎಂಬುದು ಅದರ ಅಭಿಪ್ರಾಯ. ಉಣ್ಣುವವರು ಎಷ್ಟು ಜನ ಎಂಬುದನ್ನು ಅಲ್ಲಿ ಕೇಳಿಲ್ಲ. ಅವರ ಮನಸ್ಸು ಎಂಥದು ಎಂಬುದನ್ನು ಹೇಳಿದೆ. ಕಾವ್ಯಕ್ಕೆ ಸಹೃದಯನೊಬ್ಬ ಬೇಕು ಎಂದ ನಮ್ಮ ಹಿರಿಯರ ಮಾತೂ ಇದೇ ದಾರಿಯದು. ಇಂದು ಪುಸ್ತಕಗಳಿಗೂ ಸಿನಿಮಾಗಳಿಗೂ ಇದೇ ನಕ್ಷತ್ರಗಳು ಬಂದಿವೆ. ನಾಲ್ಕೂವರೆ ಬಂದ ಕಾದಂಬರಿಯನ್ನು ಕೊಳ್ಳುತ್ತೇವೆ. ಓದುವಾಗ ಬೇಸರವಾದರೆ ತಪ್ಪು ನಮ್ಮದೇ ಇರಬೇಕೆಂದು ಸುಮ್ಮನಾಗುತ್ತೇವೆ. ಹೋಟೆಲಿನವನಿಗೆ ಅರ್ಧ ನಕ್ಷತ್ರದಿಂದ ವ್ಯಾಪಾರ ಹೋಗುತ್ತದೆ. ನಮಗೆ ಹೋಗುವುದು ಅದಕ್ಕಿಂತ ದೊಡ್ಡದು: "ಇದು ನನಗೆ ರುಚಿಸಲಿಲ್ಲ" ಎಂದು ಹೇಳುವ ಧೈರ್ಯ.

ಸೋಮವಾರ ಬೆಳಿಗ್ಗೆ, ಹುಡುಗ ಊರಿಗೆ ಹೊರಡುವ ಮೊದಲು, ಅವನನ್ನು ಮೂಲೆಯ ಹೋಟೆಲಿಗೆ ಎಳೆದುಕೊಂಡು ಹೋದೆ. ಫೋನಿಗೆ ಚಾರ್ಜು ಮುಗಿದಿತ್ತು. ಎರಡು ಇಡ್ಲಿ ತಿಂದು ಮುಗಿಸಿ, ಬೆರಳು ಚೀಪಿ, ಸ್ವಲ್ಪ ಹೊತ್ತು ಯೋಚಿಸಿ ಅವನು ಹೇಳಿದ: "ಇಡ್ಲಿ ಭಾಳ ಛಲೋ ಅದ ಕಾಕಾ, ಹತ್ತಿ ಆಗ್ಯಾವ. ಆದ್ರ ಸಾಂಬಾರಿಗೆ ಬೆಲ್ಲ ಜಾಸ್ತಿ ಆತು." ಇಪ್ಪತ್ತು ವರ್ಷ ತಿಂದರೂ ನನಗದು ಹೊಳೆದಿರಲಿಲ್ಲ. ಮತ್ತೊಂದು ಚಮಚ ಬಾಯಿಗೆ ಹಾಕಿ ನೋಡಿದೆ. ಹೌದು, ಸಾಂಬಾರು ಸಿಹಿಯಾಗಿಯೇ ಇತ್ತು.